ಸಂಕದ ಆ ತುದಿ ಹಿಡಿದವರಿಗೆ

ಹೋದ ಗುರುವಾರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ನನ್ನ ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ, ಮುಗಿಯಿತು. ಎಂಟು ವರ್ಷ ಹಿಡಿದ ಪಿಎಚ್‌ಡಿ. ಅವತ್ತು ಸಂಜೆಯಿಂದ ಫೋನು, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ನನ್ನ ಪಿಎಚ್‌ಡಿ ವಿಷಯ ಹಳೆಯ ಗೆಳೆಯರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ನಾಲ್ಕು ಮಾತು. ಐರ್ಲೆಂಡ್ ಅನ್ನೋ ಒಂದೇ ದ್ವೀಪದಲ್ಲಿ ಎರಡು ಸರ್ಕಾರಗಳಿವೆ. ದಕ್ಷಿಣದ್ದು ಸ್ವತಂತ್ರ ದೇಶ, ಉತ್ತರದ್ದು ಬ್ರಿಟನ್ನಿಗೆ ಸೇರಿದ್ದು. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಉತ್ತರದಲ್ಲಿ ಬ್ರಿಟನ್ ಜೊತೆಗೇ ಇರಬೇಕು ಅನ್ನೋರಿಗೂ ಐರ್ಲೆಂಡ್ ಒಂದಾಗಬೇಕು ಅನ್ನೋರಿಗೂ ನಡುವೆ ನಡೆದ ಮೂವತ್ತು ವರ್ಷಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಏಪ್ರಿಲ್ 10, ಗುಡ್ ಫ್ರೈಡೇ ದಿನ, ಶಾಂತಿ ಒಪ್ಪಂದ ಆಯಿತು. ಆ ಒಪ್ಪಂದದಿಂದ ಹುಟ್ಟಿದ್ದು ಉತ್ತರ-ದಕ್ಷಿಣ ಮಂತ್ರಿಗಳ ಮಂಡಳಿ. ಅದೇ ನನ್ನ ವಿಷಯ. ಎರಡೂ ಕಡೆಯ ಮಂತ್ರಿಗಳು ಅದರಲ್ಲಿ ಒಟ್ಟಿಗೆ ಕೂರುತ್ತಾರೆ. ಬೇಸಾಯ, ಆರೋಗ್ಯ, ರಸ್ತೆ, ಪರಿಸರ, ಶಿಕ್ಷಣ, ಪ್ರವಾಸ, ಇಂಥ ಮಾತು ಆಡುತ್ತಾರೆ. ವೋಟು ಹಾಕಿ ಒಬ್ಬರನ್ನೊಬ್ಬರು ಸೋಲಿಸೋ ಹಾಗಿಲ್ಲ. ಎರಡೂ ಕಡೆ ಒಪ್ಪಿದರೆ ಮಾತ್ರ ತೀರ್ಮಾನ. ಮೊದಲ ಸಭೆ ನಡೆದಿದ್ದು 1999ರ ಡಿಸೆಂಬರ್ 13ಕ್ಕೆ, ಉತ್ತರದ ಆರ್ಮಾ ಅನ್ನೋ ಊರಲ್ಲಿ. ಎರಡೂ ಕಡೆಯ ಅಧಿಕಾರಿಗಳು ಒಟ್ಟಿಗೆ ಕೆಲಸ ಮಾಡುವ ಕಚೇರಿಯೂ ಅಲ್ಲೇ ಇದೆ.

ಹೊಸನಗರದ ಕಡೆಯ ಹುಡುಗಿಗೆ ಇದೆಲ್ಲ ಯಾಕೆ ಅಂತ ಎಷ್ಟೋ ಜನ ಕೇಳಿದರು. ಕೇಳದೆ ಜೊತೆಗೆ ನಿಂತವರೂ ಇದ್ದಾರೆ. ಒಂದೊಂದು ಅಧ್ಯಾಯವನ್ನೂ ಮೂರು ಮೂರು ಸಲ ಓದಿದ ನನ್ನ ಗೈಡ್ ಮೇಡಂ, ಲೈಬ್ರರಿಯ ಅಣ್ಣಂದಿರು, ಹಾಸ್ಟೆಲ್ಲಿನ ರೂಮ್‌ಮೇಟ್‌ಗಳು, ನನ್ನ ಪಾಠ ತಾವು ಹಂಚಿಕೊಂಡ ಕಾಲೇಜಿನ ಅತಿಥಿ ಉಪನ್ಯಾಸಕರು, ರಾತ್ರಿ ಹನ್ನೊಂದಕ್ಕೂ ಅಂಗಡಿ ತೆರೆದಿಟ್ಟು ಪುಟ ಜೋಡಿಸಿಕೊಟ್ಟ ಡಿಟಿಪಿ ಅಕ್ಕ, ಎಲ್ಲರಿಗೂ ಮನಸಾರೆ ವಂದನೆ. ನೀವು ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಅವರು ನಮ್ಮ ಹಳ್ಳದಾಚೆ ಮನೆಯ ಮಾವ.

ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ನೆನೆಯುವಷ್ಟು ನೀರು. ಮಳೆಗಾಲದಲ್ಲಿ ಎಮ್ಮೆಯನ್ನೂ ಎಳೆದುಕೊಂಡು ಹೋಗುತ್ತೆ. ಜೀಪು ಬರುವ ರಸ್ತೆ ಅವರ ಕಡೆ ಇದೆ. ಅವರ ಗದ್ದೆ ನಮ್ಮ ಕಡೆ ಇದೆ. ನಡುವೆ ಒಂದು ಕಾಲುಸಂಕ, ನಡೆದು ದಾಟೋಕೆ ಮರದ ಸೇತುವೆ. ಅದಿಲ್ಲದಿದ್ದರೆ ಜೂನ್‌ನಿಂದ ದೀಪಾವಳಿವರೆಗೆ ನಮಗೆ ಪೇಟೆ ಇಲ್ಲ, ಅವರಿಗೆ ಗದ್ದೆ ಇಲ್ಲ.

2011ರಲ್ಲಿ ಸರ್ವೆ ಆಯಿತು. ತೋಟಕ್ಕೆ ಸೊಪ್ಪು ತರುವ ಕಾಡಿನ ಜಾಗ, ಸೊಪ್ಪಿನಬೆಟ್ಟದ ಗಡಿ ಎಲ್ಲಿ ಅಂತ ತಕರಾರು ಶುರುವಾಗಿ ಕೋರ್ಟಿಗೆ ಹೋಯಿತು. ಯಾರದ್ದು ಸರಿ ಅಂತ ಇಲ್ಲಿ ಬರೆಯೋಲ್ಲ. ನಾನು ಅಪ್ಪಯ್ಯನ ಮಗಳು, ನನ್ನ ತೀರ್ಪು ಯಾರಿಗೂ ಬೇಕಾಗಿಲ್ಲ. ಅಂತೂ ಎರಡು ಮನೆಗೂ ಮಾತು ನಿಂತಿತು. ಅಕ್ಕನ ಮದುವೆಗೆ ಅವರನ್ನು ಕರೆಯಲಿಲ್ಲ. ಅವರ ಮನೆಯ ಗೃಹಪ್ರವೇಶದ ಊಟದ ವಾಸನೆ ನಮ್ಮ ಜಗಲಿವರೆಗೆ ಬಂತು, ಕರೆ ಬರಲಿಲ್ಲ. ಅಜ್ಜಿ ತೀರಿಕೊಂಡ ದಿನ ಮಾವ ಬಂದು ಅಂಗಳದ ತುದಿಯಲ್ಲಿ, ದಣಪೆ ಹತ್ತಿರ ನಿಂತು, ಟೋಪಿ ತೆಗೆದು, ಹಾಗೇ ಹೋದರು.

ಆದರೆ ಪ್ರತಿ ವರ್ಷ ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಅಪ್ಪಯ್ಯ ಕತ್ತಿ ಹಿಡಿದು ಹಳ್ಳದ ದಂಡೆಗೆ ಹೋಗಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಚೆ ದಂಡೆಗೆ ಮಾವ ಬರುತ್ತಿದ್ದರು. ಒಂದು ವರ್ಷ ನಮ್ಮ ತೋಟದ ಮರ, ಒಂದು ವರ್ಷ ಅವರದ್ದು. ನಾಲ್ಕು ಅಡಿಕೆ ಮರ ಉದ್ದಕ್ಕೆ, ಅದರ ಮೇಲೆ ಅಡ್ಡಕ್ಕೆ ಸೀಳಿದ ದಬ್ಬೆ, ಕಟ್ಟೋಕೆ ತಂತಿ, ಕೈ ಹಿಡಿಯೋಕೆ ಒಂದು ಬಿದಿರು. ಅಷ್ಟೂ ಕೆಲಸ ಒಂದು ಮಾತಿಲ್ಲದೆ ಮುಗಿಯುತ್ತಿತ್ತು. ಚಿಕ್ಕವಳಿದ್ದಾಗ ನಾನು ಅವರಿಬ್ಬರ ಮುಖ ನೋಡುತ್ತಾ ಕೂರುತ್ತಿದ್ದೆ. ಅವರು ಒಬ್ಬರ ಕೈ ಒಬ್ಬರು ನೋಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ.

ಈಗ ಆ ರಾತ್ರಿಯ ಮಾತು. 2024ರ ಜುಲೈ, ಪುನರ್ವಸು ಮಳೆ. ನಾನು ನಾಲ್ಕು ತಿಂಗಳ ನಂತರ ಮನೆಗೆ ಬಂದು ಎರಡು ದಿನ ಆಗಿತ್ತು. ರಾತ್ರಿ ಒಂಬತ್ತೂವರೆ ಹೊತ್ತಿಗೆ ಅಪ್ಪಯ್ಯನಿಗೆ ಎದೆನೋವು ಬಂತು. ಮಿಕ್ಕಿದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯೋಲ್ಲ. ಕರೆಂಟ್ ಇರಲಿಲ್ಲ, ಸಿಗ್ನಲ್ ಇರಲಿಲ್ಲ. ಅಮ್ಮ ದಂಡೆಗೆ ಓಡಿ ಹೋಗಿ ಕತ್ತಲಲ್ಲಿ ಕೂಗಿದರು. ಹದಿಮೂರು ವರ್ಷದ ಮೇಲೆ ಅಮ್ಮನ ಬಾಯಿಂದ ಆ ಮನೆಯ ಹೆಸರು ಬಂದಿದ್ದು ಆಗಲೇ. ಹಳ್ಳದ ಸದ್ದಿನಲ್ಲಿ ಕೇಳುತ್ತೋ ಇಲ್ಲವೋ ಅಂತ ನಾನು ಅಳುತ್ತಾ ನಿಂತಿದ್ದೆ. ಆಚೆ ಒಂದು ಬ್ಯಾಟರಿ ಬೆಳಕು ಹತ್ತಿತು. ಆಮೇಲೆ ಇನ್ನೊಂದು.

ಮಾವ, ಅವರ ಇಬ್ಬರು ಗಂಡುಮಕ್ಕಳು ಕಂಬಳಿ ತಂದರು. ಕಂಬಳಿಯ ಎರಡು ತುದಿ ಬಿದಿರಿಗೆ ಕಟ್ಟಿ ಜೋಲಿ ಮಾಡಿದರು. ನೀರು ಸಂಕದ ದಬ್ಬೆ ಮುಟ್ಟುತ್ತಿತ್ತು. ಮಾವ ಮುಂದೆ ಹೆಗಲು ಕೊಟ್ಟು ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಟ್ಟರು. ಪ್ರತಿ ಹೆಜ್ಜೆಗೂ ಮೊದಲು ಕಾಲ ಬೆರಳಲ್ಲಿ ದಬ್ಬೆ ತಡವಿ ನೋಡುತ್ತಿದ್ದರು. ನಾನು ಹಿಂದಿನಿಂದ ಬೆಳಕು ಬಿಡುತ್ತಿದ್ದೆ, ಅವರ ಆ ಬೆರಳು ಈಗಲೂ ಕಣ್ಣ ಮುಂದಿದೆ. ಎಲ್ಲಿ ಯಾವ ಕಟ್ಟು ಗಟ್ಟಿ, ಯಾವುದು ಸಡಿಲ ಅಂತ ಅವರಿಗೆ ಗೊತ್ತಿತ್ತು. ಕಟ್ಟಿದವರೇ ಅವರು, ಅಲ್ವಾ.

ಅವರದ್ದೇ ಜೀಪಿನಲ್ಲಿ ಹೊಸನಗರ, ಅಲ್ಲಿಂದ ರಿಪ್ಪನ್‌ಪೇಟೆ, ಆಯನೂರು ದಾರಿಯಲ್ಲಿ ಶಿವಮೊಗ್ಗ. ಅಪ್ಪಯ್ಯನ ತಲೆ ನನ್ನ ತೊಡೆಯ ಮೇಲಿತ್ತು. ಆಗ ನನಗೆ ಡೊನೆಗಾಲ್ ನೆನಪಾಯಿತು. ಐರ್ಲೆಂಡಿನ ವಾಯವ್ಯ ಮೂಲೆಯ ಜಿಲ್ಲೆ ಅದು. ಅಲ್ಲಿಯ ಕ್ಯಾನ್ಸರ್ ರೋಗಿಗಳು ರೇಡಿಯೇಷನ್‌ಗೆ ತಮ್ಮದೇ ದೇಶದೊಳಗೆ ಗಾಲ್ವೆ ಅಥವಾ ಡಬ್ಲಿನ್‌ವರೆಗೆ ಹೋಗಬೇಕಿತ್ತು. ಗಡಿ ದಾಟಿದರೆ ಡೆರಿ ಊರು ಪಕ್ಕದಲ್ಲೇ. ಡೆರಿಯ ಆಲ್ಟ್‌ನಾಗೆಲ್ವಿನ್ ಆಸ್ಪತ್ರೆಯಲ್ಲಿ ಎರಡೂ ಸರ್ಕಾರಗಳು ದುಡ್ಡು ಹಾಕಿ ಒಂದು ಕೇಂದ್ರ ಕಟ್ಟಿದವು, 2016ರಲ್ಲಿ ಶುರುವಾಯಿತು. ಇದನ್ನು ನಾನು ಪ್ರಬಂಧದಲ್ಲಿ ಮುಕ್ಕಾಲು ಪುಟದಲ್ಲಿ ಮುಗಿಸಿದ್ದೆ. ಆ ರಾತ್ರಿ ಜೀಪಿನಲ್ಲಿ ಕೂತಾಗ ಗೊತ್ತಾಯಿತು, ಒಂದೊಂದು ಕಿಲೋಮೀಟರ್ ಅಂದರೆ ಏನು ಅಂತ.

ಆಸ್ಪತ್ರೆಯಲ್ಲಿ ಅಪ್ಪಯ್ಯನನ್ನು ಒಳಗೆ ಕರೆದುಕೊಂಡು ಹೋದರು. ಮಕ್ಕಳಿಬ್ಬರನ್ನೂ ಜೀಪಿನ ಜೊತೆ ವಾಪಸ್ ಕಳಿಸಿ, ಅಮ್ಮ ಒಬ್ಬಳೇ ಇದ್ದಾಳೆ ಅಂತ ಹೇಳಿ, ಮಾವ ಮಾತ್ರ ಉಳಿದರು. ನೆನೆದ ಬಟ್ಟೆಯಲ್ಲೇ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತರು. ನಡುರಾತ್ರಿ ಎಲ್ಲಿಂದಲೋ ಚಹಾ ತಂದುಕೊಟ್ಟರು. ನಾನು ಕುಡಿಯಲಿಲ್ಲ. "ಕುಡಿ ಮಗಾ, ಬೆಳಗಿನ ತನಕ ಕೂರ್ಬೇಕು" ಅಂದರು.

ಆ ರಾತ್ರಿ ನನಗೆ ನನ್ನ ಮೇಲೆ ಇದ್ದ ಸಿಟ್ಟು ಬರೆಯಲೇಬೇಕು. ಅಪ್ಪಯ್ಯ ಎರಡು ತಿಂಗಳಿಂದ ಎದೆ ಹಿಡಿಯುತ್ತೆ ಅಂತ ಅಮ್ಮನ ಹತ್ತಿರ ಹೇಳಿದ್ದರಂತೆ. ಓದೋ ಹುಡುಗಿಗೆ ಹೇಳಬೇಡ ಅಂದಿದ್ದರಂತೆ. ನಾನು ಶಂಕರಘಟ್ಟದ ರೂಮಿನಲ್ಲಿ ಎಲ್ಲೋ ದೂರದ ಜನರ ಗಡಿ ಓದುತ್ತಾ ಕೂತಿದ್ದೆ. ಇಲ್ಲಿ ಅಪ್ಪಯ್ಯ ಎದೆ ಒತ್ತಿಕೊಂಡು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದರು. ಈ ಪಿಎಚ್‌ಡಿ ಬೇಡ, ಇಲ್ಲಿಗೇ ಬಿಡುತ್ತೇನೆ ಅಂತ ಮಾವನ ಹತ್ತಿರ ಹೇಳಿದೆ. ಜೋರಾಗಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅದೆಂಥದ್ದು ಅಷ್ಟು ವರ್ಷ ಓದೋದು? ಹೇಳು ನೋಡಣ" ಅಂದರು.

ಹೇಳಿದೆ. ಬೆಳಗಿನ ಜಾವ ಮೂರು ಗಂಟೆಗೆ, ನೆನೆದು ಕೂತ ಮುದುಕರೊಬ್ಬರಿಗೆ ಐರ್ಲೆಂಡಿನ ಕತೆ ಹೇಳಿದೆ. 1973ರಲ್ಲಿ ಇಂಗ್ಲೆಂಡಿನ ಸನ್ನಿಂಗ್‌ಡೇಲ್‌ನಲ್ಲಿ ಇಂಥದ್ದೇ ಒಂದು ಮಂಡಳಿ ಮಾಡೋಕೆ ಹೋಗಿ ಮರುವರ್ಷವೇ ಮುರಿದು ಬಿದ್ದಿದ್ದು ಹೇಳಿದೆ. 2002ರ ಅಕ್ಟೋಬರ್‌ನಲ್ಲಿ ಉತ್ತರದ ಸರ್ಕಾರವೇ ನಿಂತು ಹೋಗಿ 2007ರ ಮೇವರೆಗೆ ಮಂತ್ರಿಗಳೇ ಇಲ್ಲದ್ದರಿಂದ ಮಂಡಳಿ ಸೇರಲೇ ಇಲ್ಲ ಅಂತ ಹೇಳಿದೆ. 2017ರಿಂದ ಮತ್ತೆ ಮೂರು ವರ್ಷ ಅದೇ ಕತೆ. ಆ ಅಧ್ಯಾಯಕ್ಕೆ ನಾನು 'ಸೋತ ವರ್ಷಗಳು' ಅಂತ ಹೆಸರಿಟ್ಟಿದ್ದೆ. ಮೇಡಂ ಒಪ್ಪಿರಲಿಲ್ಲ, ಇನ್ನೊಮ್ಮೆ ಯೋಚನೆ ಮಾಡು ಅಂದಿದ್ದರು. ನನಗೆ ದಾರಿ ಕಾಣಿಸಿರಲಿಲ್ಲ.

ಮಾವ ಕೇಳಿದರು, "ಆ ಐದು ವರ್ಷ ಕೆಲ್ಸನೂ ನಿಂತಿತ್ತಾ?"

ಇಲ್ಲ. ಮಂಡಳಿಯ ಕೆಳಗೆ ಆರು ಜಂಟಿ ಸಂಸ್ಥೆಗಳಿವೆ. ದೋಣಿ ಹೋಗುವ ಕಾಲುವೆ ನೋಡಿಕೊಳ್ಳೋದು ಒಂದು, ಆಹಾರದ ಸುರಕ್ಷತೆಗೆ ಒಂದು, ವ್ಯಾಪಾರಕ್ಕೆ ಒಂದು, ಭಾಷೆಗಳಿಗೆ ಒಂದು, ಹೀಗೆ. ಅವು ಯಾವುವೂ ಬಾಗಿಲು ಹಾಕಲಿಲ್ಲ. ಲಂಡನ್ ಮತ್ತು ಡಬ್ಲಿನ್ ಸರ್ಕಾರಗಳು ಸೇರಿ ಅವು ನಡೆದುಕೊಂಡು ಹೋಗುವ ಹಾಗೆ ಏರ್ಪಾಡು ಮಾಡಿದವು. ಅದಕ್ಕೂ ಹಿಂದೆ, 1952ರಲ್ಲೇ, ಫಾಯ್ಲ್ ನದಿಯ ಸಾಲ್ಮನ್ ಮೀನು ನೋಡಿಕೊಳ್ಳೋಕೆ ಎರಡೂ ಕಡೆಯವರು ಒಂದು ಜಂಟಿ ಆಯೋಗ ಮಾಡಿದ್ದರು. ಉತ್ತರವೂ ತನ್ನದೇ ಅಂತ ದಕ್ಷಿಣದ ಸಂವಿಧಾನ ಹೇಳುತ್ತಿದ್ದ ಕಾಲ ಅದು. ಮೀನಿಗೆ ಗಡಿ ಗೊತ್ತಿಲ್ಲವಲ್ಲ, ಇಬ್ಬರೂ ಸೇರದೆ ಅದನ್ನು ಕಾಯೋಕೆ ಆಗುತ್ತಿರಲಿಲ್ಲ.

ಮಾವ ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಮತ್ತೆ ಸೋತಿದ್ದೆಲ್ಲಿ?" ಅಂದರು. "ನಾನೂ ನಿಮ್ಮಪ್ಪನೂ ಇಷ್ಟು ವರ್ಷ ಸಂಕ ಹಾಕಿದ್ವಿ. ನಿಮ್ಮಪ್ಪ ಆ ತುದಿ ಹಿಡೀತಿದ್ದ, ನಾನು ಈ ತುದಿ. ಮಾತು ಯಾಕೆ ಬೇಕಿತ್ತು?"

ಬೆಳಿಗ್ಗೆ ಆರಕ್ಕೆ ಡಾಕ್ಟರು ಹೊರಗೆ ಬಂದು ಅಪಾಯ ಇಲ್ಲ ಅಂದರು. ಮಾವ ಎದ್ದು ಗೋಡೆ ಕಡೆ ತಿರುಗಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ತುಂಬಾ ಹೊತ್ತು ಒರೆಸಿಕೊಂಡರು.

ಅಪ್ಪಯ್ಯ ಮನೆಗೆ ಬಂದ ಮೇಲೆ ನಾನು ಒಂದು ತಿಂಗಳು ಊರಲ್ಲೇ ಇದ್ದೆ. ಆ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತು. ಪೇಪರಿನಲ್ಲಿ ದಿನಾ ಅದೇ ಸುದ್ದಿ. ನಮ್ಮ ಮಲೆನಾಡಿನಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಸೇರುವ ಎರಡು ಹೊಳೆಗಳ ನೀರು ಅದು. ಆ ಅಣೆಕಟ್ಟು ನೋಡಿಕೊಳ್ಳೋದು 1953ರಲ್ಲಿ ಹುಟ್ಟಿದ ತುಂಗಭದ್ರಾ ಮಂಡಳಿ. ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಆ ನೀರು ಬೇಕು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಅಪ್ಪಯ್ಯ ಮಂಚದ ಮೇಲೆ ಒರಗಿ ಆ ಸುದ್ದಿ ಗಟ್ಟಿಯಾಗಿ ಓದುತ್ತಿದ್ದರು. ಕೆಳಗೆ ಜಗಲಿಯಲ್ಲಿ ಕೂತು ಮಾವ ಕೇಳುತ್ತಿದ್ದರು. ಹೌದು, ನಮ್ಮ ಜಗಲಿಯಲ್ಲಿ.

ಆ ಅಧ್ಯಾಯವನ್ನು ಅಲ್ಲೇ ಹೊಸದಾಗಿ ಬರೆದೆ. ಹೆಸರು 'ಸಭೆ ಸೇರದ ವರ್ಷಗಳು' ಅಂತ ಬದಲಾಯಿತು. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದಿದ್ದೂ ಅದರ ಮೇಲೇ. ಒಂದು ವಿಷಯದಲ್ಲಿ ಮಾತ್ರ ಮಾವನ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ, ಅವರಿಗೂ ಹೇಳಿದ್ದೇನೆ. ಮಾತಿಲ್ಲದಿದ್ದರೂ ಇದ್ದದ್ದು ಉಳಿಯುತ್ತೆ, ಆದರೆ ಹೊಸದು ಬರೋದಿಲ್ಲ. ನಮ್ಮ ಹಳ್ಳಕ್ಕೆ ಸಿಮೆಂಟಿನ ಸಂಕ ಮಾಡಿಕೊಡ್ತೀವಿ, ಎರಡೂ ಮನೆಯವರು ಒಪ್ಪಿಗೆ ಬರೆದುಕೊಡಿ ಅಂತ ಪಂಚಾಯ್ತಿಯವರು ಎರಡು ಸಲ ಕೇಳಿದ್ದರು. ಒಂದೇ ಕಾಗದದಲ್ಲಿ ಎರಡು ಸಹಿ ಬೀಳಲಿಲ್ಲ. ಐರ್ಲೆಂಡಿನಲ್ಲೂ ಕಾರ್ಲಿಂಗ್‌ಫರ್ಡ್ ಕೊಲ್ಲಿಯ ಮೇಲೆ ಎರಡೂ ಕಡೆ ಸೇರಿಸುವ ನ್ಯಾರೋ ವಾಟರ್ ಸೇತುವೆಯ ಮಾತು ದಶಕಗಳ ಕಾಲ ಮಾತಾಗಿಯೇ ಇತ್ತು. ಕೆಲಸ ಶುರುವಾಗಿದ್ದು 2024ರಲ್ಲಿ. ನಡುವೆ ಇನ್ನೊಮ್ಮೆ ನಿಂತು ಹೋಗಿದ್ದ ಉತ್ತರದ ಸರ್ಕಾರ ಅದೇ ವರ್ಷ ಮತ್ತೆ ಬಂತು, ಏಪ್ರಿಲ್‌ನಲ್ಲಿ ಮಂಡಳಿಯೂ ಆರ್ಮಾದಲ್ಲಿ ಸೇರಿತು. ನಮ್ಮಲ್ಲಿ 1998ರಲ್ಲೇ, ಆ ಒಪ್ಪಂದದ ವರ್ಷವೇ, ಪ್ರಧಾನಿ ಮತ್ತು ನಾಲ್ಕು ಕಡೆಯ ಮುಖ್ಯಮಂತ್ರಿಗಳು ಕೂರುವ ಕಾವೇರಿ ನದಿ ಪ್ರಾಧಿಕಾರ ಆಗಿತ್ತು. ಅದು ಈಗಿಲ್ಲ. ಮಂತ್ರಿಗಳು ಮುಖ ನೋಡಿ ಕೂರುವ ಜಾಗ ಉಳಿಯಬೇಕು ಅಂತ ನಾನು ಬರೆದಿದ್ದೇನೆ, ಅದನ್ನು ಬಲವಾಗಿ ನಂಬುತ್ತೇನೆ.

ಅಮ್ಮನಿಗೆ ಏನು ಬರೆಯಲಿ. ಅವತ್ತು ಮೊದಲು ಕೂಗಿದ್ದು ಅಮ್ಮ. ಆ ಕೂಗು ಅಮ್ಮನಿಗೆ ಎಷ್ಟು ಕಷ್ಟ ಆಗಿತ್ತು ಅಂತ ನನಗೆ ಗೊತ್ತು.

ಕೇಸು ಇನ್ನೂ ಮುಗಿದಿಲ್ಲ. ಬೆಟ್ಟದ ಗಡಿ ಬಗ್ಗೆ ಅಪ್ಪಯ್ಯ, ಮಾವ ಇಬ್ಬರೂ ತಮ್ಮ ತಮ್ಮ ಮಾತನ್ನೇ ಹಿಡಿದುಕೊಂಡಿದ್ದಾರೆ. ಆದರೆ ಸಿಮೆಂಟಿನ ಸಂಕದ ಅರ್ಜಿಗೆ ಜನವರಿಯಲ್ಲಿ ಇಬ್ಬರೂ ಸಹಿ ಹಾಕಿದರು. ಈ ಮಳೆಗಾಲಕ್ಕೆ ಅದು ಆಗೋದಿಲ್ಲ, ಇನ್ನೊಂದು ವರ್ಷ ಮರದ್ದೇ ಹಾಕಬೇಕು.

ಮಾವ, ನೀವು ಫೋನಿನಲ್ಲಿ ಇದನ್ನು ಓದೋದಿಲ್ಲ, ತಮ್ಮಂದಿರು ಓದಿ ಹೇಳುತ್ತಾರೆ. ಈ ಸಲ ಮರ ನಮ್ಮ ತೋಟದ್ದು, ಹಳ್ಳದ ಬದಿಯ ನಾಲ್ಕು ಮರ ಅಪ್ಪಯ್ಯ ನೋಡಿಟ್ಟಿದ್ದಾರೆ. ಭಾರ ಎತ್ತಬಾರದು ಅಂತ ಡಾಕ್ಟರು ಅವರಿಗೆ ಹೇಳಿದ್ದಾರೆ. ಮೇ ಕೊನೆಗೆ ನಾನು ಊರಿಗೆ ಬರ್ತೀನಿ. ಅಪ್ಪಯ್ಯನ ತುದಿ ನಾನು ಹಿಡೀತೀನಿ.