ಅಜ್ಜನ 448 ಸೆಲ್‌ಗಳು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಅಜ್ಜನ ನೆನಪಿನ ಸಭೆಗೆಂದು ನೀನು ಬರೆದಿಟ್ಟಿರುವ ಮಾತು ಓದಿದೆ. ‘ಸಾಗರದಾಳದ ಧೀರ’, ‘ದೇಶಕ್ಕಾಗಿ ಬಾಳಿದವರು’ ಎಂದೆಲ್ಲ ಬರೆದಿದ್ದೀಯ. ಸುಳ್ಳೇನಲ್ಲ. ಆದರೆ ಇದನ್ನು ಯಾವ ಸೈನಿಕರ ಬಗ್ಗೆಯಾದರೂ ಹೇಳಬಹುದು. ಅಜ್ಜ ನೌಕಾಪಡೆಯ ಕುರ್ಸುರಾ ಸಬ್‌ಮರೀನಿನಲ್ಲಿ ಬ್ಯಾಟರಿ ನೋಡಿಕೊಂಡವರು. ಆ ಕೆಲಸ ಎಂಥದ್ದೆಂದು ಬಿಡಿಸಿ ಹೇಳಿಬಿಡು, ‘ಧೀರ’ ಎಂಬ ಪದವೇ ಬೇಕಾಗುವುದಿಲ್ಲ.

ಮೊದಲು ಒಂದೆರಡು ತಿದ್ದುಪಡಿ. ಕಲ್ವರಿ ಸಬ್‌ಮರೀನ್ ಎಂದ ಕೂಡಲೇ ಈಗಿನವರಿಗೆ ನೆನಪಾಗುವುದು 2017ರ ಡಿಸೆಂಬರ್‌ನಲ್ಲಿ ಸೇವೆಗೆ ಬಂದ ಹೊಸ ಬೋಟ್. ಅಜ್ಜನ ಕಾಲದ ಕಲ್ವರಿ ಬೇರೆ. ಅದು ಸೋವಿಯತ್ ಒಕ್ಕೂಟದ ರಿಗಾದಲ್ಲಿ 1967ರ ಡಿಸೆಂಬರ್ 8ರಂದು ನಮ್ಮ ನೌಕಾಪಡೆಗೆ ಸೇರಿತು. ಡಿಸೆಂಬರ್ 8 ಇವತ್ತಿಗೂ ನಮ್ಮ ಸಬ್‌ಮರೀನ್ ದಿನ. ಅದರ ಹಿಂದೆಯೇ ಖಂಡೇರಿ, ಕರಂಜ್, ಕುರ್ಸುರಾ ಬಂದವು. ಕುರ್ಸುರಾ ಸೇರಿದ್ದು 1969ರ ಡಿಸೆಂಬರ್ 18ಕ್ಕೆ, ನಿವೃತ್ತವಾದದ್ದು 2001ರ ಫೆಬ್ರವರಿ 27ಕ್ಕೆ. ನೀನು ‘ಹಡಗು’ ಎಂದು ಬರೆದಿರುವ ಕಡೆಯೆಲ್ಲ ‘ಬೋಟ್’ ಮಾಡು. ಸಬ್‌ಮರೀನಿನವರು ತಮ್ಮದನ್ನು ಹಡಗು ಅನ್ನುವುದಿಲ್ಲ. 1971ರಲ್ಲಿ ವಿಶಾಖಪಟ್ಟಣದ ಹೊರಗೆ ಮುಳುಗಿದ ಘಾಜಿ ಸಬ್‌ಮರೀನ್ ಪಾಕಿಸ್ತಾನದ್ದು, ನಿನ್ನ ಎರಡನೇ ಪುಟದಲ್ಲಿ ಅದು ನಮ್ಮದೆಂಬಂತೆ ಬಂದಿದೆ. ಆ ಸಾಲು ತೆಗೆದುಬಿಡು.

ಇನ್ನು ಬ್ಯಾಟರಿ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ನೀರಿನಡಿ ಗಾಳಿಯಿಲ್ಲ. ಹಾಗಾಗಿ ಮುಳುಗಿದ ಮೇಲೆ ಮೋಟಾರು, ದೀಪ, ಪಂಪು, ಒಲೆ, ಎಲ್ಲದಕ್ಕೂ ಬ್ಯಾಟರಿಯೇ ಗತಿ. ಕುರ್ಸುರಾದ ಜಾತಿಯ ಬೋಟ್‌ನಲ್ಲಿ ಏಳು ಕಂಪಾರ್ಟ್‌ಮೆಂಟ್. ಎರಡನೆಯದರ ಮತ್ತು ನಾಲ್ಕನೆಯದರ ನೆಲದಡಿ ಸೀಸ-ಆಸಿಡ್ ಸೆಲ್‌ಗಳು, ಅವುಗಳ ಮೇಲೆಯೇ ಜನರು ಮಲಗುವ ಬಂಕ್‌ಗಳು. ಒಂದು ಗುಂಪಿಗೆ 112 ಸೆಲ್, ಅಂಥವು ನಾಲ್ಕು ಗುಂಪು. ಸೆಲ್ಲಿಗೆ 2 ವೋಲ್ಟ್ ಲೆಕ್ಕ ಹಿಡಿದರೆ ಒಂದು ಗುಂಪಿಗೆ 224 ವೋಲ್ಟ್. ಕಾರಿನ ಬ್ಯಾಟರಿಯಲ್ಲಿ ಇರುವುದು ಇಂಥ ಆರೇ ಸೆಲ್, ಅವೂ ಪುಟಾಣಿ.

ಈ ಸೆಲ್‌ಗಳ ಮೇಲೆ ನಿಲ್ಲುವಷ್ಟು ಜಾಗವಿಲ್ಲ. ಮಲಗಿಕೊಂಡೇ ಸರಿಯಬೇಕು. ಉಂಗುರ, ವಾಚು, ಜೇಬಿನ ಚಿಲ್ಲರೆ, ಎಲ್ಲ ಹೊರಗಿಟ್ಟೇ ಇಳಿಯಬೇಕು. ಸ್ಪಾನರ್‌ನ ಹಿಡಿಗೆ ಇನ್ಸುಲೇಶನ್ ಸುತ್ತಿರಬೇಕು. ಒಂದು ಬೋಲ್ಟ್ ಜಾರಿ ಎರಡು ಟರ್ಮಿನಲ್ ನಡುವೆ ಅಡ್ಡಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾದು ಕರಗುತ್ತದೆ. ಇಳಿದವರು ನೋಡುವುದು ಮೂರು: ಆಸಿಡ್‌ನ ಮಟ್ಟ, ಅದರ ಬಿಸಿ, ಹೈಡ್ರೋಮೀಟರ್ ತೋರಿಸುವ ಸಾಂದ್ರತೆ. ಬಿಸಿಯನ್ನು ಬಿಟ್ಟು ಸಾಂದ್ರತೆಯನ್ನಷ್ಟೇ ಬರೆದುಕೊಂಡರೆ ಮೋಸ ಹೋಗುತ್ತಾರೆ. 10 ಡಿಗ್ರಿ ಹೆಚ್ಚು ಕಾದ ಆಸಿಡ್ ಸುಮಾರು 0.007ರಷ್ಟು ಕಡಿಮೆ ತೋರಿಸುತ್ತದೆ. ಚೆನ್ನಾಗಿರುವ ಸೆಲ್ ಸೋತಂತೆ ಕಾಣುತ್ತದೆ. ಮಟ್ಟ ಇಳಿದಿದ್ದರೆ ಹಾಕುವುದು ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ. ಆರಿಹೋಗುವುದು ನೀರೇ ಹೊರತು ಆಸಿಡ್ ಅಲ್ಲವಲ್ಲ.

ಒಂದು ಸೆಲ್ ಸೋತರೆ ಏನು ಮಹಾ ಅನ್ನಿಸಬಹುದು. 112 ಸೆಲ್ ಒಂದೇ ಸಾಲಿನಲ್ಲಿ ಜೋಡಿಸಿರುತ್ತವೆ. ಸೋತದ್ದು ಎಲ್ಲಕ್ಕಿಂತ ಮೊದಲು ಬರಿದಾಗುತ್ತದೆ, ಉಳಿದವು ಅದರ ಮೂಲಕವೇ ಕರೆಂಟ್ ನೂಕುತ್ತಲೇ ಇರುತ್ತವೆ. ಆಗ ಅದರ ಧನ-ಋಣ ತಿರುಗಾಮುರುಗಾ ಆಗಿ ಕಾಯತೊಡಗುತ್ತದೆ, ಗ್ಯಾಸ್ ಉಗುಳುತ್ತದೆ. ಅದು ಆಗುವ ಮೊದಲೇ ಹುಡುಕಿ ಸಾಲಿನಿಂದ ಬಿಡಿಸಿ, ಆಚೀಚೆಯ ಎರಡನ್ನು ದಪ್ಪ ತಾಮ್ರದ ಪಟ್ಟಿಯಿಂದ ಸೇರಿಸಬೇಕು. ಹುಡುಕುವ ದಾರಿ ಒಂದೇ, ರಿಜಿಸ್ಟರ್. ಹೋದ ವಾರದ ಅಂಕಿಯ ಪಕ್ಕ ಈ ವಾರದ್ದು ಇಟ್ಟು ನೋಡಬೇಕು. ಅಜ್ಜ ಮನೆಯಲ್ಲಿ ಬಿಟ್ಟುಹೋದ ನೋಟ್‌ಬುಕ್‌ಗಳಲ್ಲಿ ಬರೀ ಅಂಕಿ ಇದೆ ಎಂದು ಬೇಸರಪಟ್ಟುಕೊಂಡಿದ್ದೆಯಲ್ಲ, ಆ ಅಭ್ಯಾಸ ಇಲ್ಲಿಯದು.

ನಿಜವಾದ ಭಯ ಚಾರ್ಜಿಂಗ್ ಹೊತ್ತಿನದು. ಸೆಲ್ 2.4 ವೋಲ್ಟ್ ಸಮೀಪ ಬಂದರೆ ಒಳಗಿನ ನೀರು ಒಡೆದು ಹೈಡ್ರೋಜನ್ ಜೋರಾಗಿ ಏಳುತ್ತದೆ. ಗಾಳಿಯಲ್ಲಿ ಅದು ಶೇ. 4 ಮುಟ್ಟಿದರೆ ಒಂದು ಕಿಡಿ ಸಾಕು. ಅದಕ್ಕೇ ಕೊನೆಕೊನೆಗೆ ಕರೆಂಟ್ ಇಳಿಸುತ್ತ ಬರುತ್ತಾರೆ, ಗ್ಯಾಸ್ ಎಳೆದುಹಾಕುವ ಫ್ಯಾನ್ ನಿಂತರೆ ಚಾರ್ಜಿಂಗನ್ನೂ ನಿಲ್ಲಿಸುತ್ತಾರೆ, ಚಾರ್ಜಿಂಗ್ ಮುಗಿದರೂ ಫ್ಯಾನ್ ಆರಿಸುವುದಿಲ್ಲ. ಗ್ಯಾಸ್ ಇನ್ನೂ ಕೆಲಹೊತ್ತು ಬರುತ್ತಲೇ ಇರುತ್ತದೆ. ನೀರಿನ ಮೇಲಿನ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಎತ್ತಿ, ಡೀಸೆಲ್ ಎಂಜಿನ್ ಓಡಿಸಿ ಚಾರ್ಜ್ ಮಾಡುವಾಗ ತೊಂದರೆ ಇಮ್ಮಡಿ. ಅಲೆ ಬಂದು ಕೊಳವೆಯ ಬಾಯಿಯ ವಾಲ್ವ್ ಮುಚ್ಚಿಕೊಂಡರೆ ಎಂಜಿನ್ ಬೋಟ್‌ನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಎಲ್ಲರ ಕಿವಿ ಗಪ್ಪೆನ್ನುತ್ತದೆ. ಎಂಜಿನ್ ನಿಲ್ಲಿಸಿ ಆಳಕ್ಕೆ ಇಳಿಯಬೇಕಾಗಿ ಬಂದರೆ ಹೊರಗಿನ ಗಾಳಿ ಇಲ್ಲ, ಬಿಸಿಯಾದ ಸೆಲ್‌ಗಳಿಂದ ಗ್ಯಾಸ್ ಮಾತ್ರ ಏಳುತ್ತಲೇ ಇದೆ. ಆಗ ಮೀಟರ್ ಮುಂದೆ ಕೂತವರೇ ಅಜ್ಜನಂಥವರು.

ಸೆಲ್‌ಗಳ ಮುಚ್ಚಳದ ಮೇಲೆ ಕೂರುವ ತೇವವನ್ನೂ ಬಿಡುವಂತಿಲ್ಲ. ಸಣ್ಣಗೆ ಚಿಮ್ಮಿದ ಆಸಿಡ್ ಪದರವಾಗಿ ಹರಡಿದರೆ ಕರೆಂಟ್ ಬೋಟ್‌ನ ಕಬ್ಬಿಣಕ್ಕೆ ಸೋರುತ್ತದೆ, ಸೋರಿದ ಕಡೆ ಕಾಯುತ್ತದೆ. ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣಗಿಸಬೇಕು. ಸೋಡಾದ ಒಂದು ಹನಿಯೂ ಸೆಲ್ಲಿನೊಳಗೆ ಬೀಳಬಾರದು, ಬಿದ್ದರೆ ಆಸಿಡ್ ಅಷ್ಟರಮಟ್ಟಿಗೆ ಕೆಟ್ಟಂತೆಯೇ. ಉಪ್ಪುನೀರಂತೂ ಇನ್ನೂ ಕೆಟ್ಟದ್ದು. 100 ಮೀಟರ್ ಆಳದಲ್ಲಿ 5 ಸೆಂಟಿಮೀಟರ್ ಅಗಲದ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 3 ಟನ್ ನೀರು ನುಗ್ಗುತ್ತದೆ. ಅದು ಬ್ಯಾಟರಿಗೆ ಇಳಿದರೆ ಕ್ಲೋರಿನ್ ಎಂಬ ವಿಷದ ಗ್ಯಾಸ್ ಏಳುತ್ತದೆ. ಮುಳುಗಿದ ಬೋಟ್‌ನಲ್ಲಿ ಕಿಟಕಿ ತೆಗೆಯುವುದೆಲ್ಲಿಂದ ಬಂತು?

ಇದೆಲ್ಲ ಹಳೇ ಬೋಟ್‌ನ ಕತೆಯಷ್ಟೇ ಅಂದುಕೊಳ್ಳಬೇಡ. 2014ರ ಫೆಬ್ರವರಿ 26ರಂದು ಮುಂಬಯಿ ಕಡಲಲ್ಲಿ ನಮ್ಮ ಸಿಂಧುರತ್ನ ಸಬ್‌ಮರೀನಿನ ಕಂಪಾರ್ಟ್‌ಮೆಂಟ್ ಒಂದರಲ್ಲಿ ಹೊಗೆ ತುಂಬಿ ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್, ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ತೀರಿಕೊಂಡರು. ಬೆಂಕಿ ಬಿದ್ದರೆ ಆ ಕಂಪಾರ್ಟ್‌ಮೆಂಟಿನ ಬಾಗಿಲು ಮುಚ್ಚುತ್ತಾರೆ, ಉಳಿದವರು ಬದುಕಬೇಕಲ್ಲ. ಒಳಗಿದ್ದವರು ಬೆಂಕಿಯೊಂದಿಗೆ ಒಳಗೇ. ಬೋಟ್‌ಗೆ ಸೇರುವ ಪ್ರತಿಯೊಬ್ಬರೂ, ಅಡುಗೆಯವರೂ ಸೇರಿ, ಎಲ್ಲ ಪೈಪು, ವಾಲ್ವ್‌ಗಳನ್ನು ಕತ್ತಲೆಯಲ್ಲೂ ಕೈಯಿಂದ ತಡವಿ ಗುರುತಿಸುವಷ್ಟು ಕಲಿಯುವುದು ಇದಕ್ಕಾಗಿ. ಪರೀಕ್ಷೆ ಪಾಸಾದ ಮೇಲೆಯೇ ಎದೆಗೆ ಡಾಲ್ಫಿನ್ ಬ್ಯಾಡ್ಜ್. ಅಜ್ಜನ ಪೆಟ್ಟಿಗೆಯಲ್ಲಿ ಪದಕಗಳಿಗಿಂತ ಮೇಲೆ ಅದನ್ನಿಟ್ಟಿರುವುದನ್ನು ನೋಡಿದ್ದೀಯ. ಸಭೆಯಲ್ಲಿ ಫೋಟೋದ ಮುಂದೆ ಅದನ್ನೇ ಇಡು.

ಸಾಧ್ಯವಾದರೆ ಸಭೆಗೆ ಮುಂಚೆ ವಿಶಾಖಪಟ್ಟಣಕ್ಕೆ ಹೋಗಿ ಬಾ. ಕುರ್ಸುರಾ ರಾಮಕೃಷ್ಣ ಬೀಚ್‌ನಲ್ಲಿ 2002ರಿಂದ ಮ್ಯೂಸಿಯಂ ಆಗಿ ನಿಂತಿದೆ. ಜನ ಟಾರ್ಪಿಡೊ ಟ್ಯೂಬ್‌ಗಳ ಮುಂದೆ, ಪೆರಿಸ್ಕೋಪಿನ ಹತ್ತಿರ ಗುಂಪುಗೂಡುತ್ತಾರೆ. ನೀನು ನಾಲ್ಕನೇ ಕಂಪಾರ್ಟ್‌ಮೆಂಟಿನಲ್ಲಿ ನಿಂತು ನೆಲ ನೋಡು. 91 ಮೀಟರ್ ಉದ್ದದ ಬೋಟ್‌ನಲ್ಲಿ ಸುಮಾರು 75 ಜನ, ಅವರಲ್ಲಿ ಅಜ್ಜನ ಜಾಗ ಆ ನೆಲದ ಕೆಳಗೆ.

ಮಾತು ಐದು ನಿಮಿಷಕ್ಕೆ ಮೀರದಿರಲಿ. ಸ್ನಾರ್ಕೆಲ್ಲಿನದು ಬಿಟ್ಟರೂ ಸರಿ, ಹೈಡ್ರೋಜನ್ನಿನದು ಬಿಡಬೇಡ. ಅಜ್ಜನ ಜೊತೆ ಬೋಟ್‌ನಲ್ಲಿದ್ದವರು ಇಬ್ಬರು ಮೂವರಾದರೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಅಂಕಿ ತಪ್ಪಿದರೆ ಅಲ್ಲಿಯೇ ಹಿಡಿಯುತ್ತಾರೆ. ಆದ್ದರಿಂದ ಚೀಟಿಯ ಮೇಲುಗಡೆ ದಪ್ಪಕ್ಷರದಲ್ಲಿ ಬರೆದುಕೋ: ಗುಂಪಿಗೆ 112, ನಾಲ್ಕು ಗುಂಪು, ಒಟ್ಟು 448.

ನಿನ್ನ
ಅಪ್ಪ