ಬಾವಿ ಅಳೆಯುವ ಮಕ್ಕಳ ಕುರಿತು ರಕ್ಷಕರಿಗೆ

ಮಾನ್ಯ ರಕ್ಷಕರೇ,

ಸಾದರ ವಂದನೆಗಳು. ನಮ್ಮ ವಾರ್ಡಿನ ಗ್ರಾಮಸಭೆ ನಡೆದ ಮರುದಿನದಿಂದ ಮೂವರು ರಕ್ಷಕರು ಶಾಲೆಯ ಕಚೇರಿಗೆ ಬಂದು ಮಾತಾಡಿ ಹೋಗಿದ್ದಾರೆ, ಒಬ್ಬರು ಲಿಖಿತವಾಗಿಯೇ ದೂರು ಕೊಟ್ಟಿದ್ದಾರೆ. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಪಾಠ ಬಿಡಿಸಿ ಮನೆಮನೆಗೆ ಕಳುಹಿಸಲಾಗುತ್ತಿದೆ, ಅವರು ಯಾರಲ್ಲಿ ಎಷ್ಟು ಬೋರು, ಎಷ್ಟು ಆಳ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಾರೆ, ಈಗ ಗ್ರಾಮಸಭೆಯಲ್ಲಿ ಎದ್ದು ನಿಂತು ದೊಡ್ಡವರನ್ನು ಪ್ರಶ್ನಿಸುವಲ್ಲಿಗೆ ಬಂದಿದೆ ಎಂಬುದು ಅದರ ಸಾರ. ಬಂದವರಿಗೆ ಬಾಯಿಮಾತಿನಲ್ಲಿ ಉತ್ತರಿಸಿದ್ದೇನೆ. ಬಾರದವರ ಮನಸ್ಸಿನಲ್ಲೂ ಇದೇ ಇರಬಹುದಾದ್ದರಿಂದ ಎಲ್ಲರಿಗೂ ಈ ಪತ್ರ.

ಪಾಠದ ಮಾತನ್ನು ಮೊದಲೇ ಮುಗಿಸುತ್ತೇನೆ. ಇದಕ್ಕಾಗಿ ಒಂದು ಪೀರಿಯಡ್ ಕೂಡ ಹೋಗಿಲ್ಲ. ಶನಿವಾರ ಬೆಳಗ್ಗೆ ಎರಡು ಗಂಟೆ, ಇಬ್ಬರು ಅಧ್ಯಾಪಕರ ಜೊತೆಗೆ ಮಾತ್ರ ಮಕ್ಕಳು ಹೋಗುತ್ತಾರೆ. ಎಸ್ಸೆಸ್ಸೆಲ್ಸಿ ಎದುರಿಗಿರುವುದರಿಂದ ಹತ್ತನೆಯವರನ್ನು ಸೇರಿಸಿಯೇ ಇಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೂ ಮಾರ್ಚ್ ಕಳೆಯುವಷ್ಟರಲ್ಲಿ ಎಷ್ಟು ಬಾವಿಗಳಲ್ಲಿ ಕೊಡಪಾನ ಮುಳುಗುವುದಿಲ್ಲ ಎಂಬುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಮುರಕಲ್ಲಿನ ಗುಡ್ಡ ಕುಡಿದ ನೀರನ್ನು ಬೇಗನೆ ಬಿಟ್ಟುಕೊಡುತ್ತದೆ, ತೋಡುಗಳು ಇಳಿಜಾರಿನಲ್ಲಿ ಓಡಿ ಹೊಳೆ ಸೇರುತ್ತವೆ, ಹೊಳೆಗೆ ಕಡಲು ದೂರವಿಲ್ಲ. ನಮ್ಮ ಹಿರಿಯರು ಇದನ್ನು ಅರಿತೇ ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು, ಮಳೆ ನಿಂತು ತೋಡಿನ ರಭಸ ಇಳಿದ ಮೇಲೆ ಕಲ್ಲು, ಮಣ್ಣು, ಕಂಗಿನ (ಅಡಿಕೆ) ಮರಗಳಿಂದ ನೀರು ತಡೆಯುವ ತಾತ್ಕಾಲಿಕ ಒಡ್ಡು, ಅಂದರೆ ಕಟ್ಟ, ಕಟ್ಟಿದರು. ಏತಡ್ಕದ ಕಟ್ಟಗಳನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಆದರೆ ನಮ್ಮದೇ ವಾರ್ಡಿನಲ್ಲಿ ನೀರು ಬರುವ ಸುರಂಗಗಳು ಎಷ್ಟು ಉಳಿದಿವೆ, ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬ ಲೆಕ್ಕ ಯಾರಲ್ಲೂ ಇರಲಿಲ್ಲ. ಮಕ್ಕಳು ಬರೆಯುತ್ತಿರುವುದು ಆ ಲೆಕ್ಕವನ್ನು.

ಅವರು ಬರೆಯುವ ಕ್ರಮವನ್ನು ಒಮ್ಮೆ ನೋಡಿದರೆ ಅರ್ಧ ಸಂಶಯ ಕಳೆದೀತು. ಅರ್ಧ ಮೀಟರಿಗೊಂದು ಗಂಟು ಹಾಕಿದ ಹುರಿಹಗ್ಗದ ತುದಿಗೆ ಕಲ್ಲು ಕಟ್ಟಿ, ಬೆಳಗ್ಗೆ ಪಂಪು ಹಾಕುವ ಮೊದಲು ಬಾವಿಗೆ ಇಳಿಸುತ್ತಾರೆ. ಕಲ್ಲು ನೀರಿಗೆ ತಾಗಿದ ಸದ್ದು ಕೇಳಿದಾಗ ಬಾವಿಕಟ್ಟೆಯ ಅಂಚಿನಲ್ಲಿ ಹಗ್ಗವನ್ನು ಬೆರಳಿನಿಂದ ಒತ್ತಿ ಹಿಡಿದು, ಮೇಲೆಳೆದು ಗಂಟು ಎಣಿಸುತ್ತಾರೆ. ಕುಡಿಯುವ ನೀರಿಗೆ ಕಂಡಕಂಡ ಹಗ್ಗ ಇಳಿಸುತ್ತಾರೆಂದು ಒಬ್ಬ ತಾಯಿ ಆಕ್ಷೇಪಿಸಿದ್ದರು. ಅವರ ಮಾತು ನ್ಯಾಯವಾದದ್ದು, ಅಂದಿನಿಂದ ಒಂದು ಬಾವಿಗೆ ಒಂದೇ ಹಗ್ಗ, ಅದೂ ತೊಳೆದದ್ದು. ಸುರಂಗದ ಒಳಗೆ ಯಾರೂ ಕಾಲಿಡುವುದಿಲ್ಲ. ಬಾಯಿಯ ಬಳಿ ಹತ್ತು ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡುತ್ತಾರೆ, ಅಷ್ಟೆ. ಕಳೆದ ತಿಂಗಳು ತೋಡು ದಾಟುವಾಗ ಒಬ್ಬ ಹುಡುಗನ ಮೊಣಕಾಲು ತರಚಿದ್ದು ನಿಜ, ಅವನ ಮನೆಗೆ ನಾನೇ ಹೋಗಿ ಬಂದಿದ್ದೇನೆ. ಆವರಣಗೋಡೆ ಇಲ್ಲದ ಬಾವಿಗಳನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ.

ಇನ್ನು ಬೋರಿನ ವಿಷಯ. ಬಂದ ಮೂವರೂ ಬೇರೆ ಬೇರೆ ಮಾತಿನಿಂದ ಆರಂಭಿಸಿ ಕೊನೆಗೆ ಬಂದು ನಿಂತದ್ದು ಇಲ್ಲಿಯೇ. ಮಕ್ಕಳ ಪುಸ್ತಕ ಪಂಚಾಯತಿಗೆ ಹೋದರೆ ನಾಳೆ ಅಧಿಕಾರಿಗಳು ಮನೆಬಾಗಿಲಿಗೆ ಬಂದಾರು ಎಂಬ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎರಡು ಎಕರೆ ಅಡಿಕೆ ತೋಟವನ್ನು ಏಪ್ರಿಲ್ ದಾಟಿಸುವುದೆಂದರೆ ಏನೆಂದು ನನಗೂ ಗೊತ್ತಿದೆ, ನಮ್ಮ ಮನೆಯಲ್ಲೂ ಬೋರು ಇದೆ. ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮೊದಲ ಎರಡು ವಾರ ಮಕ್ಕಳು ಮನೆಯ ಹೆಸರನ್ನೂ ಬರೆದಿದ್ದರು, ಅದನ್ನು ನಾವು ಆಗಲೇ ಗಮನಿಸಬೇಕಿತ್ತು. ಈಗ ಆ ಹಾಳೆಗಳನ್ನು ತೆಗೆದು ಬೇರೆ ಪುಸ್ತಕಕ್ಕೆ ನಕಲು ಮಾಡಿಸಿದ್ದೇನೆ. ಅದರಲ್ಲಿ ಮನೆಯ ಹೆಸರಿಲ್ಲ, ಯಜಮಾನರ ಹೆಸರಿಲ್ಲ, ಗುಡ್ಡದ ಮೇಲ್ಬದಿ, ತೋಡಿನ ಬದಿ, ರಸ್ತೆಯ ಬದಿ ಎಂಬ ವಿಂಗಡಣೆ ಮತ್ತು ಅಂಕಿ ಮಾತ್ರ ಇದೆ. ಬೋರಿನ ಆಳವನ್ನು ನೀವಾಗಿ ಹೇಳಿದರೆ ಬರೆದುಕೊಳ್ಳುತ್ತಾರೆ, ಹೇಳದಿದ್ದರೆ ಎರಡನೆಯ ಸಲ ಕೇಳುವುದಿಲ್ಲ. ಕೇರಳದಲ್ಲಿ ಬೋರು ಕೊರೆಯುವುದನ್ನು ನಿಯಂತ್ರಿಸುವ 2002ರ ಅಂತರ್ಜಲ ಕಾಯಿದೆ ಇದೆ ಎಂಬುದು ನಿಜ, ಆದರೆ ಅದನ್ನು ನಡೆಸುವುದು ಅಧಿಕಾರಿಗಳ ಕೆಲಸ, ಹದಿಮೂರು ವರ್ಷದ ಮಕ್ಕಳದ್ದಲ್ಲ. ಶಾಲೆ ಯಾರ ಮನೆಯ ಮೇಲೂ ವರದಿ ಬರೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಗ್ರಾಮಸಭೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಹದಿನೆಂಟು ತುಂಬದವರು ಗ್ರಾಮಸಭೆಯ ಸದಸ್ಯರಲ್ಲ, ಕೈಯೆತ್ತಿ ಮತ ಹಾಕುವ ಅಧಿಕಾರ ಅವರಿಗಿಲ್ಲ. ವಾರ್ಡ್ ಸದಸ್ಯರ ಅನುಮತಿ ಪಡೆದೇ ನಾಲ್ವರು ಮಕ್ಕಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಕೊಳವೆಬಾವಿಗೆ ಹಣ ಇಡುವ ಮಾತು ಬಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು, ‘ತೋಡಿನ ಕಟ್ಟಕ್ಕೆ ಯಾಕೆ ಇಟ್ಟಿಲ್ಲ, ಕಟ್ಟ ಕಟ್ಟಿದ ಮೇಲೆ ತೋಡಿನ ಬದಿಯ ಆರು ಬಾವಿಗಳಲ್ಲಿ ನೀರು ಎರಡು ಗಂಟು ಏರಿದೆ’ ಎಂದಳು. ಮೇಷ್ಟ್ರು ಹೇಳಿಕೊಟ್ಟದ್ದು ಎಂದು ಕೆಲವರು ನಕ್ಕರಂತೆ. ನಾವು ಹೇಳಿಕೊಟ್ಟಿದ್ದರೆ ಅವಳು ಅಷ್ಟು ಚುಟುಕಾಗಿ ಕೇಳುತ್ತಿರಲಿಲ್ಲ. ಅವಳು ಯಾರ ಹೆಸರನ್ನೂ ಎತ್ತಿಲ್ಲ, ಯಾರಿಗೂ ಎದುರುತ್ತರ ಕೊಟ್ಟಿಲ್ಲ. ಆದ್ದರಿಂದ ಅವಳಿಂದ ಕ್ಷಮೆ ಕೇಳಿಸಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. 1996ರಲ್ಲಿ ಕೇರಳದ ಜನಕೀಯಾಸೂತ್ರಣ (ಜನತಾ ಯೋಜನೆ) ಆರಂಭವಾದಾಗ ಊರಿನ ಯೋಜನೆಯನ್ನು ಊರಿನವರೇ ಮಾಡಬೇಕೆಂದು ಚಾಪೆ ಹಾಸಿ ಕುಳಿತು ಪಟ್ಟಿ ಬರೆದವರು ನಿಮ್ಮಲ್ಲೇ ಇದ್ದೀರಿ. ಇದೇ ಜಿಲ್ಲೆಯ ಗೇರುತೋಟಗಳ ಮೇಲೆ 2000ದವರೆಗೆ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದಾಗ, ಪಡ್ರೆಯಂಥ ಊರಿನವರು ತಾವು ಕಂಡದ್ದನ್ನು ಹೇಳುತ್ತಲೇ ಹೋದದ್ದರಿಂದ ಅಲ್ಲವೇ ಅದು ಹೊರಗಿನವರ ಕಿವಿಗೆ ಬಿದ್ದದ್ದು? ಸುಪ್ರೀಂ ಕೋರ್ಟಿನ ನಿಷೇಧ ಬರುವಾಗ 2011 ಆಗಿತ್ತು.

ಮಕ್ಕಳ ಈ ಲೆಕ್ಕದ ವರದಿಯನ್ನು ಪಂಚಾಯತಿಗೆ ಕನ್ನಡದಲ್ಲಿ ಕೊಟ್ಟರೆ ಯಾರು ಓದುತ್ತಾರೆ ಎಂಬ ಪ್ರಶ್ನೆಯೂ ಬಂದಿದೆ. ಯೋಜನೆಯ ಕಡತಗಳು ಮಲಯಾಳದಲ್ಲಿರುತ್ತವೆ, ನಮ್ಮ ಮಕ್ಕಳು ಯೋಚಿಸುವುದು ಕನ್ನಡದಲ್ಲಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇಲ್ಲಿನ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ರಾಜ್ಯದ 1969ರ ಭಾಷಾ ಕಾಯಿದೆಯೇ ಕೊಟ್ಟಿದೆ. ವರದಿ ಕನ್ನಡದಲ್ಲೇ ಹೋಗುತ್ತದೆ. ಓದುವವರಿಗೆ ಅನುಕೂಲವಾಗಲೆಂದು ಮಲಯಾಳ ಅಧ್ಯಾಪಕಿಯವರು ಅದರ ಜೊತೆ ಒಂದು ಅನುವಾದವನ್ನೂ ಇಡುತ್ತಾರೆ.

ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ಪುಸ್ತಕದಲ್ಲಿ ನಿಮ್ಮ ಮನೆಯ ಹೆಸರಿಲ್ಲ. ಅದು ಕಚೇರಿಯ ಕಪಾಟಿನಲ್ಲಿದೆ, ಯಾವ ದಿನ ಬಂದರೂ ತೆರೆದು ತೋರಿಸುತ್ತೇವೆ, ಹೊಡೆದುಹಾಕಬೇಕೆನಿಸಿದ ಸಾಲನ್ನು ನಿಮ್ಮೆದುರೇ ಹೊಡೆದುಹಾಕುತ್ತೇವೆ. ಮಗುವನ್ನು ಕಳುಹಿಸಲು ಮನಸ್ಸಿಲ್ಲದವರ ಮೇಲೆ ಒತ್ತಾಯವಿಲ್ಲ, ಅದರಿಂದ ಅಂಕಕ್ಕೂ ಏನೂ ಆಗುವುದಿಲ್ಲ. ಆದರೆ ಕೆಲಸ ನಿಲ್ಲುವುದಿಲ್ಲ. ಮೇ ತಿಂಗಳವರೆಗಿನ ಅಂಕಿ ಸಿಗದಿದ್ದರೆ ಈವರೆಗೆ ಬರೆದದ್ದಕ್ಕೂ ಬೆಲೆ ಇಲ್ಲ.

ಇದರೊಂದಿಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಿಕೊಡಬೇಕಾಗಿ ವಿನಂತಿ.

ಶನಿವಾರ ಬೆಳಗ್ಗೆ ಮಕ್ಕಳು ನಿಮ್ಮ ಅಂಗಳಕ್ಕೆ ಬರುವಾಗ ಏಳೂವರೆ ಆಗುತ್ತದೆ. ಅಷ್ಟರವರೆಗೆ ಪಂಪು ಹಾಕದೆ ಕಾದರೆ ಉಪಕಾರ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು