ಮೂರನೇ ಸಂಪುಟದಿಂದ ಶುರು ಮಾಡಿದವಳಿಗೆ

ಕೊಪ್ಪಳ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿ ನಗು ಬಂತು. ಕಡಿಮೆ ರೇಟಿಗೆ ಸಿಕ್ಕಿತು ಅಂತ ರಾಯಚೂರಿನ ಹಳೇ ಪುಸ್ತಕದ ಅಂಗಡಿಯಿಂದ ಆ ದಪ್ಪ ಪುಸ್ತಕ ಹೊತ್ತು ತಂದೆ. ಕತ್ತಿ, ಕೋಟೆ, ಡ್ರ್ಯಾಗನ್, ಏಳೆಂಟು ರಾಜಮನೆತನ. ಮನೆಗೆ ಬಂದು ನೋಡಿದರೆ ಮೂರನೇ ಸಂಪುಟ! 60 ಪುಟ ಓದಿದರೂ ಯಾರು ಯಾರ ಮಗ, ಯಾತಕ್ಕೆ ಜಗಳ, ಒಂದೂ ತಿಳಿಯುತ್ತಿಲ್ಲ. ಮೊದಲಿನ ಎರಡು ಸಿಗುವ ತನಕ ಎತ್ತಿಡಲೇ ಅಕ್ಕಾ ಅಂತ ಕೇಳಿದ್ದೀಯ.

ಎತ್ತಿಡಬೇಡ. ಹಾಗೇ ಓದು.

ಬರೀ ಓದುವವಳಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆನೇನೋ. ಆದರೆ ನೀನು ಬರೆಯುವವಳು. ಆ ರಾಜ್ಯಕ್ಕೆ ನೀನೀಗ ಹೊಸಬಳು. ಮೊದಲೆರಡು ಸಂಪುಟ ಓದಿಬಿಟ್ಟರೆ ಮತ್ತೆ ಹೊಸಬಳಾಗಲು ಬರುವುದಿಲ್ಲ. ಕೈಯಲ್ಲಿ ಪೆನ್ಸಿಲ್ ಹಿಡಿದುಕೋ. ತಿಳಿಯದ ಕಡೆ ಒಂದು ಚುಕ್ಕೆ ಇಡು. ತಿಳಿಯದಿದ್ದರೂ ಪುಟ ತಿರುಗಿಸಿದೆಯಲ್ಲ, ಅಲ್ಲಿ ಒಂದು ಗೆರೆ ಎಳೆ. ನನಗೆ ಬೇಕಾಗಿರುವುದು ಆ ಗೆರೆಗಳು. ಏನೂ ಗೊತ್ತಿಲ್ಲದವಳನ್ನು ಆ ಬರಹಗಾರ ಅಲ್ಲಿ ಹೇಗೆ ಕೂರಿಸಿಕೊಂಡ? ಅದನ್ನು ನೋಡು.

ನಮ್ಮ ಕಡೆ ರಾತ್ರಿಯಿಡೀ ನಡೆಯುವ ಬಯಲಾಟ, ಅದೇ ದೊಡ್ಡಾಟ, ನೋಡಲು ಶುರುವಿಗೇ ಬರುವವರು ಎಷ್ಟು ಜನ? ಗದ್ದೆಗೆ ನೀರು ಕಟ್ಟಿ, ಊಟ ಮುಗಿಸಿ, ಕಂಬಳಿ ಹೊದ್ದು ನಡುರಾತ್ರಿಗೆ ಬಂದು ಕೂರುವವರೇ ಜಾಸ್ತಿ. ಆಗಲೇ ಅರ್ಧ ಕಥೆ ಮುಗಿದಿರುತ್ತದೆ. ಆದರೂ ಯಾರೂ ಎದ್ದು ಹೋಗುವುದಿಲ್ಲ. ಯಾಕೆಂದರೆ ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸಿಕೊಡುವ ಸಾರಥಿ ಎದುರು ನಿಂತು, ತಾವು ಯಾರು, ಯಾವ ಊರಿನ ಅರಸು, ಬಂದ ಕಾರಣವೇನು ಅಂತ ಕೇಳುತ್ತಾನೆ. ಬಂದವನು ಭೀಮ ಅಂತ ಸಾರಥಿಗೆ ಗೊತ್ತಿಲ್ಲವೇ? ಗೊತ್ತು. ಕೂತವರಿಗೂ ಗೊತ್ತು. ಆದರೂ ಕೇಳುತ್ತಾನೆ, ಭೀಮ ಮೀಸೆ ತಿರುವಿ ಉತ್ತರ ಕೊಡುತ್ತಾನೆ. ಆ ಉತ್ತರದಲ್ಲಿ ಹೆಸರಿಗಿಂತ ಅವನ ಸಿಟ್ಟು, ಸೊಕ್ಕು ಜಾಸ್ತಿ ಇರುತ್ತದೆ. ತಡವಾಗಿ ಬಂದವನಿಗೆ ಅಷ್ಟು ಸಾಕು.

ನಷ್ಟ ಇಲ್ಲವೇ ಇಲ್ಲ ಅಂತಲ್ಲ. ಹಿಂದಿನ ಸಂಪುಟಗಳಲ್ಲಿ ಯಾರು ಸತ್ತರು, ಯಾರು ಮೋಸ ಮಾಡಿದರು ಅನ್ನುವುದು ನಿನಗೆ ಮೊದಲೇ ತಿಳಿದುಹೋಗುತ್ತದೆ. ಹೋಗಲಿ ಬಿಡು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ನಮ್ಮವರು ಬೆಳಗಿನ ತನಕ ಕೂತು ಅಳುತ್ತಾರೆ.

ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಮೊದಲ ಪುಸ್ತಕ ಬಂದದ್ದು 1950ರಲ್ಲಿ. ಅದರಲ್ಲಿ ಹಿಮ ಬಿದ್ದ ಕಾಡಿನ ನಡುವೆ ಒಂದು ದೀಪದ ಕಂಬ. ಅಲ್ಲಿಗೆ ಅದು ಹೇಗೆ ಬಂತು? ಉತ್ತರ ಸಿಕ್ಕಿದ್ದು 1955ರಲ್ಲಿ, ಏಳರಲ್ಲಿ ಆರನೆಯದಾಗಿ ಬಂದ ಪುಸ್ತಕದಲ್ಲಿ. ಆ ಲೋಕ ಹುಟ್ಟಿದ ಕಥೆಯೂ ಅದರಲ್ಲೇ ಇದೆ. ಯಾವುದನ್ನು ಮೊದಲು ಓದಬೇಕು ಅಂತ ಓದುಗರು ಇವತ್ತಿಗೂ ಜಗಳವಾಡುತ್ತಾರೆ. ನನ್ನನ್ನು ಕೇಳಿದರೆ ಕಂಬವೇ ಮೊದಲು.

ಈಗ ನಿನ್ನ ಕಾದಂಬರಿಗೆ ಬರೋಣ. ಮೊದಲ 14 ಪುಟ ವಂಶಾವಳಿ. ಮುತ್ತಜ್ಜ ಕೋಟೆ ಕಟ್ಟಿದ, ಅಜ್ಜ ಸೋತ, ಅಪ್ಪ ಗೆದ್ದ. ನಾನು ಮೂರು ಸಲ ಆಕಳಿಸಿದೆ. ಬೇಜಾರಾಗಬೇಡ. ಹಿಂದಿನದನ್ನು ಹೇಳಲೇಬೇಕು, ಆದರೆ ಯಾವಾಗ ಅನ್ನುವುದನ್ನು ಕಲಿಯಲು ರನ್ನನ ಹತ್ತಿರ ಹೋಗು. ಸಾವಿರ ವರ್ಷದ ಹಿಂದೆಯೇ ಅವನು ಗದಾಯುದ್ಧವನ್ನು ಯುದ್ಧ ಮುಗಿಯುತ್ತಾ ಬಂದಲ್ಲಿಂದ ಶುರು ಮಾಡಿದ. ಹಿಂದಿನ ಮಹಾಭಾರತದ ಕಥೆಯನ್ನೆಲ್ಲ ಸಿಂಹಾವಲೋಕನದಲ್ಲಿ ತಂದ. ನಡೆಯುತ್ತಾ ನಡೆಯುತ್ತಾ ಸಿಂಹ ತಿರುಗಿ ನೋಡುತ್ತದಲ್ಲ, ಹಾಗೆ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದುಶ್ಶಾಸನನ ಹೆಣದ ಮುಂದೆ ನಿಲ್ಲುತ್ತಾನೆ, ಕರ್ಣನ ಹೆಣದ ಮುಂದೆ ನಿಲ್ಲುತ್ತಾನೆ. ಹಳೆಯದೆಲ್ಲ ಅವನ ಅಳುವಿನ ಜೊತೆ ಬರುತ್ತದೆ. ನಿನ್ನ ರಾಣಿಯ ಅಜ್ಜ ಸೋತ ಕಥೆ ಯಾರಿಗೆ ನೋವು ಕೊಡುತ್ತದೆ? ಅವರ ಬಾಯಿಗೆ ಬರುವ ತನಕ ಅದನ್ನು ತಡೆದಿಡು.

ನನ್ನದೇ ಒಂದು ಕಥೆ ಹೇಳುತ್ತೇನೆ. ಬಹಳ ಹಿಂದೆ ಒಂದು ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಬರುತ್ತಿತ್ತು. ಒಂದು ವಾರ ಅವರು ಆರನೇ ಕಂತು ಬಿಟ್ಟು ಏಳನೆಯದನ್ನೇ ಅಚ್ಚು ಹಾಕಿಬಿಟ್ಟರು. ನಾನು ಸಿಟ್ಟಿಗೆದ್ದು ಫೋನ್ ಮಾಡಿದೆ, ಆಮೇಲೆ ಅತ್ತೆ. ಓದುಗರ ಪತ್ರ ರಾಶಿ ಬರುತ್ತವೆ ಅಂತ ಕಾದೆ. ಒಂದೂ ಬರಲಿಲ್ಲ! ಸಿಟ್ಟು ಇಳಿದ ಮೇಲೆ ಆರನೇ ಕಂತು ತೆಗೆದು ಓದಿದೆ. ಇಡೀ ಕಂತು ನಾಯಕಿಯ ತವರಿನ ಇತಿಹಾಸ. ಪುಸ್ತಕ ಮಾಡುವಾಗ ಅದನ್ನು ನಾನೇ ಕಿತ್ತು ಹಾಕಿದೆ.

ಇನ್ನೊಂದು ಸಣ್ಣ ಮಾತು. ವೀರಸೇನ, ವೀರವರ್ಮ, ವೀರಕೇತು ಅಂತ ಹೆಸರಿಟ್ಟಿದ್ದೀಯ. ಅವರು ಅಣ್ಣತಮ್ಮಂದಿರೇ ಇರಬಹುದು, ನನಗಂತೂ ಕೊನೆಯ ತನಕ ಒಬ್ಬನೇ ಆಗಿದ್ದರು. ಇಬ್ಬರ ಹೆಸರು ಬದಲಿಸು. ನಕಾಶೆ ಬೇಕಾದರೆ ಹಾಕು, ನನಗೂ ನಕಾಶೆ ಇಷ್ಟ.

ನೀನು ರಾಯಚೂರು ಕೋಟೆಯ ಪಕ್ಕದಲ್ಲೇ ಇದ್ದೀಯ. ಸಂಜೆ ಹೋಗಿ ಆ ಉದ್ದನೆಯ ಕಲ್ಲು ನೋಡಿ ಬಾ, 40 ಅಡಿ ಮೀರಿದ್ದು. ಅದರ ಮೇಲೆ 1294ರ ಶಾಸನ ಇದೆ. ಕಾಕತೀಯರ ಕಾಲದ್ದು. ಆ ಕೋಟೆಗಾಗಿಯೇ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ದೊಡ್ಡ ಯುದ್ಧ ನಡೆಯಿತು. ನಾನು ಮೊದಲ ಸಲ ಅಲ್ಲಿ ನಿಂತಾಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅಕ್ಷರ ಓದಲೂ ಬರಲಿಲ್ಲ. ಆದರೆ ಅಲ್ಲೇ ಗೋಡೆಯಲ್ಲಿ ಒಂದು ಚಿತ್ರ ಕೆತ್ತಿದ್ದಾರೆ: ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆಯುತ್ತಿದೆ, ಹಿಂದಿನಿಂದ ಜನ ಚಕ್ರಕ್ಕೆ ಮೀಟು ಹಾಕುತ್ತಿದ್ದಾರೆ. ಅದನ್ನು ನೋಡುತ್ತಾ ನನ್ನ ಬಸ್ಸು ತಪ್ಪಿತು. ಕಾಕತೀಯರು ಯಾರು ಅಂತ ಹುಡುಕಿ ಓದಿದ್ದು ಅದಾದ ಮೇಲೆ.

ನಿನ್ನ ಕಾದಂಬರಿಯಲ್ಲೂ ಅಂಥ ಜಾಗ ಒಂದಿದೆ. 15ನೇ ಪುಟದಲ್ಲಿ ಕೋಟೆ ಬಾಗಿಲಿನ ಕಾವಲುಗಾರ ರೊಟ್ಟಿ ತಿನ್ನುತ್ತಾ ಕೂತಿರುತ್ತಾನೆ, ದೂರದಲ್ಲಿ ಧೂಳು ಏಳುತ್ತದೆ. ಅಲ್ಲಿಂದ ಮುಂದಕ್ಕೆ ತಿದ್ದಿ ಕಳಿಸು. ಮೊದಲ 14 ಪುಟ ನಿನ್ನ ಹತ್ತಿರವೇ ಇರಲಿ. ಪೆನ್ಸಿಲ್ ಗೆರೆ ಎಳೆದ ಆ ಮೂರನೇ ಸಂಪುಟವನ್ನೂ ಜೊತೆಗೆ ಹಾಕು, ನಾನೂ ಅದರ ಮೊದಲೆರಡು ಓದಿಲ್ಲ.

ನಿನ್ನ
ಅಕ್ಕ